ಕಲ್ಲಿನಲ್ಲಿದ್ದ ಕೆರೆ



ಈ ಸಲದ ವಿಜಯದಶಮಿ ಕಳೆದ ಮೂರನೆಯ ದಿನ ನನಗೆ ಒದಗಿ ಬಂದ ಒಂದು ಬೆಳಗಿನ ಭಾಗ್ಯವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಬರೆಯಲು ಕುಳಿತಿದ್ದೇನೆ. ಹಕ್ಕಿ ನೋಡಿದ ಕಥೆಯೆಂದು ಆರಂಭಿಸಿದರೂ ಇದು ಕೊನೆಗೆ ಇತಿಹಾಸದ ಪಾಠವಾಗಿಯೇ ಮುಗಿಯುತ್ತದೆ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈ ಬೇರೇನನ್ನು ತಾನೇ ಬರೆದೀತು! ಆದರೆ ಒಂದು ವ್ಯತ್ಯಾಸವುಂಟು. ಈ ಪಾಠದಲ್ಲಿ ತಪ್ಪು ಮಾಡಿದವನು ನಾನು. ತಿದ್ದಿದವನು ನನ್ನ ವಿದ್ಯಾರ್ಥಿ.

ವಿಜಯದಶಮಿಯ ಮಾರನೆಯ ಸಂಜೆ ಅವನಿಂದ ದೂರವಾಣಿ ಕರೆ ಬಂತು. ಸೊರಬ ತಾಲ್ಲೂಕಿನ ಕೃಷಿಕ. ಅವನ ಹೆಸರನ್ನು ಬರೆಯುವುದಿಲ್ಲ. ಹಾಗೆಂದು ಅವನೇ ಕೇಳಿಕೊಂಡಿದ್ದಾನೆ. ಅವನೊಡನೆ ಕಲಿತವರಿಗೆ ಹೇಗೂ ಗುರುತು ಸಿಕ್ಕಿಬಿಡುತ್ತದೆ.

"ಸಾರ್, ಈ ವರ್ಷ ಗುಡವಿ ಕೆರೆ ತುಂಬಿದೆ. ಮರ ಕಾಣದಷ್ಟು ಹಕ್ಕಿ ಕೂತಿವೆ. ಮರಿಗಳು ಇನ್ನೂ ಗೂಡಲ್ಲೇ ಇವೆ. ನಾಳಿದ್ದು ಬೆಳಗಿನ ಜಾವ ನಾಲ್ಕೂವರೆಗೆ ಕಾರು ತರ್ತೀನಿ, ಸಿದ್ಧರಾಗಿರಿ."

ನಾನು ಒಮ್ಮೆಗೇ ಒಪ್ಪಿದೆ. ಏಕೆಂದರೆ ಗುಡವಿಯ ವಿಷಯದಲ್ಲಿ ನನ್ನ ಅದೃಷ್ಟ ಅಲ್ಲಿಯವರೆಗೆ ಚೆನ್ನಾಗಿರಲಿಲ್ಲ. ಮೊದಲ ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಬೇಸಗೆ. ನೀರು ಹಿಂಗಿ ಕೆಸರಿನ ಮಡುಗಳಷ್ಟೇ ಉಳಿದಿದ್ದವು. "ಹಕ್ಕಿ ಎಲ್ಲಿ ಸಾರ್?" ಎಂದು ಮಕ್ಕಳು ಕೇಳಿದಾಗ ನಾನು ಫಲಕದ ಮೇಲಿನ ಚಿತ್ರಗಳನ್ನು ತೋರಿಸಬೇಕಾಯಿತು. ಆ ಗುಂಪಿನಲ್ಲಿದ್ದವರು ಇದನ್ನು ಓದುತ್ತಿದ್ದರೆ ಈಗಲಾದರೂ ಕ್ಷಮಿಸಿ. ಎರಡನೆಯ ಸಲ ಹೋದದ್ದು ಸರಿಯಾದ ತಿಂಗಳಿನಲ್ಲೇ. ಆದರೆ ಆ ವರ್ಷ ಮಳೆ ಕೈಕೊಟ್ಟಿತ್ತು. ಹಕ್ಕಿಗಳು ನಮ್ಮಂತೆ ಪಂಚಾಂಗ ನೋಡಿ ಬರುವವಲ್ಲ, ನೀರು ನೋಡಿ ಬರುವವು ಎಂಬುದು ಅಂದು ನನಗೆ ತಿಳಿಯಿತು.

ಕತ್ತಲಿರುವಾಗಲೇ ಶಿಕಾರಿಪುರವನ್ನು ಬಿಟ್ಟೆವು. ಹುಚ್ಚರಾಯಸ್ವಾಮಿಗೆ ಮನಸ್ಸಿನಲ್ಲೇ ಕೈಮುಗಿದೆ. ಆ ಸ್ವಾಮಿಯ ಹೆಸರಿನ ಕೆರೆಯನ್ನು ನೆನೆದಾಗಲೆಲ್ಲ ನನಗೆ ಬಾಲ್ಯದ ಒಂದು ಅಪರಾಧ ನೆನಪಾಗುತ್ತದೆ. ಎಂಟೋ ಒಂಬತ್ತೋ ವರ್ಷದವನಿದ್ದಾಗ ಕೆರೆಯ ದಡದಲ್ಲಿ ರಬ್ಬರಿನ ಕವಣೆಯಿಂದ ಒಂದು ಬೆಳ್ಳಕ್ಕಿಗೆ ಗುರಿಯಿಟ್ಟು ಹೊಡೆದಿದ್ದೆ. ಗುರಿ ತಾಗಬಹುದೆಂದು ನಾನೇ ಎಣಿಸಿರಲಿಲ್ಲ. ರೆಕ್ಕೆ ಮುರಿದ ಆ ಹಕ್ಕಿ ನೀರಿನ ಅಂಚಿನಲ್ಲಿ ಸುತ್ತಿ ಸುತ್ತಿ ಬಿದ್ದದ್ದನ್ನು ನೋಡಲಾರದೆ ಓಡಿಹೋದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಊರಿನ ಹೆಸರೇ ಬೇಟೆಯದು ತಾನೇ? ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಕೊಡುವ ವಿವರದಂತೆ ಮಳಿಯ ಎಂಬಾತ ನೆಲೆಗೊಳಿಸಿದ್ದರಿಂದ ಇದು ಮೊದಲು ಮಳಿಯನಹಳ್ಳಿ. ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರ. ಹೈದರಾಲಿಯೋ ಟಿಪ್ಪುವೋ ಬೇಟೆಗೆ ಬಂದು, ಇಲ್ಲಿಯ ಮೃಗಪಕ್ಷಿಗಳ ಹೇರಳತೆಯನ್ನು ಕಂಡು ಶಿಕಾರಿಪುರವೆಂದು ಕರೆದನಂತೆ. ದಾನದ ಊರು ಬೇಟೆಯ ಊರಾಯಿತು! ನೆರೆಯ ಸೊರಬದ ಹೆಸರಿನ ಹಿಂದೆ ಸುರಭಿ ಎಂಬ ಹಸುವಿನ ಕಥೆಯಿದೆ, ಅದು ಸುರಭಿಪುರ. ಒಂದು ಊರು ಬೇಟೆಗಾರನ ನೆನಪಿನದು, ಇನ್ನೊಂದು ಹಾಲೆರೆದ ಹಸುವಿನ ನೆನಪಿನದು. ಈ ಎರಡು ಊರುಗಳ ನಡುವೆಯೇ ನಮ್ಮ ಅಂದಿನ ಪ್ರಯಾಣ.

ಶಿರಾಳಕೊಪ್ಪವನ್ನು ದಾಟುವಾಗ ಬಳ್ಳಿಗಾವಿ ಅಲ್ಲೇ ಸಮೀಪದಲ್ಲಿ ಮಲಗಿತ್ತು. ಅಲ್ಲಿಯ ಭೇರುಂಡೇಶ್ವರ ಕಂಬವನ್ನು ನಿಮ್ಮಲ್ಲಿ ಅನೇಕರಿಗೆ ನಾನೇ ತೋರಿಸಿದ್ದೇನೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1047ರಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸನು ನಿಲ್ಲಿಸಿದ ಕಂಬ ಅದು. ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಗಂಡಭೇರುಂಡದ ಹಳೆಯ ಶಿಲ್ಪರೂಪಗಳಲ್ಲಿ ಅದೂ ಒಂದು. ಆ ಕಾಲದಲ್ಲಿ ಈ ಭಾಗದ ಗದ್ದೆಗಳನ್ನು ಅಳೆಯುವ ಕೋಲಿಗೆ 'ಭೇರುಂಡ ಗಳೆ' ಎಂದೇ ಹೆಸರಿತ್ತು. ಇಲ್ಲದ ಹಕ್ಕಿಯೊಂದರ ಹೆಸರಿನಲ್ಲಿ ಇರುವ ಗದ್ದೆಗಳನ್ನು ಅಳೆದರು ನಮ್ಮ ಹಿರಿಯರು. ಆ ಗದ್ದೆಗಳಲ್ಲಿ ಮೇಯುತ್ತಿದ್ದ ನಿಜವಾದ ಹಕ್ಕಿಗಳನ್ನು ನೋಡಲು ನಾವು ಹೊರಟಿದ್ದೆವು.

ಸೊರಬ ಪಟ್ಟಣದಿಂದ ಗುಡವಿಗೆ ಸುಮಾರು 16 ಕಿಲೋಮೀಟರು. ಅಲ್ಲಿಂದ ಬನವಾಸಿಯೂ ಹತ್ತಿರವೇ. ಮರುಜನ್ಮವಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಈ ನಾಡಿನಲ್ಲಿ ಹುಟ್ಟಬೇಕೆಂದು ಪಂಪನು 941ರ ತನ್ನ ಕಾವ್ಯದಲ್ಲಿ ಹಂಬಲಿಸಿದ್ದು ಈ ನೆಲವನ್ನು ಕುರಿತೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯಂತೂ ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿ, ಕೋಗಿಲೆ, ಹಂಸ, ನವಿಲುಗಳನ್ನೇ ವಿಚಾರಿಸಿದಳು. ನಮ್ಮ ಕವಿಗಳಿಗೆ ಬೇಕಾದದ್ದು ಇಂಪಾದ ದನಿಯ, ಚೆಲುವಾದ ಗರಿಯ ಹಕ್ಕಿಗಳು. ಕೆಸರಿನಲ್ಲಿ ಕೊಕ್ಕು ಅದ್ದಿ, ಕಪ್ಪೆ ನುಂಗಿ, ಗೊರಗೊರ ಎನ್ನುವ ಹಕ್ಕಿಯನ್ನು ಯಾರು ಕೇಳಬೇಕು? ಗುಡವಿಯಲ್ಲಿ ಇರುವುದು ಮುಖ್ಯವಾಗಿ ಅಂಥ ಹಕ್ಕಿಗಳೇ.

ನಾವು ತಲುಪಿದಾಗ ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು. ಕೆರೆಯ ಮೇಲೆ ಮಂಜು ಕವಿದು ಏನೂ ಕಾಣಿಸಲಿಲ್ಲ. ಮೊದಲು ಬಂದದ್ದು ವಾಸನೆ. ಸಾವಿರಾರು ಹಕ್ಕಿಗಳ ಹಿಕ್ಕೆಯ, ಮೀನಿನ, ನೆನೆದ ಎಲೆಗಳ ವಾಸನೆ. ಆಮೇಲೆ ದನಿ. ಸಂತೆಯ ಗದ್ದಲವನ್ನು ಗೋಡೆಯಾಚೆಯಿಂದ ಕೇಳಿದಂತಿತ್ತು. ನನ್ನ ವಿದ್ಯಾರ್ಥಿ ತೋಳು ಹಿಡಿದು ವೀಕ್ಷಣಾ ಗೋಪುರದ ಮೆಟ್ಟಿಲು ಹತ್ತಿಸಿದ. "ಸ್ವಲ್ಪ ಕಾಯಿರಿ ಸಾರ್" ಎಂದ. ನಲವತ್ತು ವರ್ಷಗಳ ಹಿಂದೆ ನಾನು ಅವನಿಗೆ ಹೇಳುತ್ತಿದ್ದ ಮಾತು ಅದು!

ಸೂರ್ಯ ಮೇಲೇರಿದ. ಮಂಜು ಒಂದು ಬದಿಯಿಂದ ಸರಿಯತೊಡಗಿತು. ನೀರಿನ ನಡುವೆ ನಿಂತ ಮರಗಳು ಒಂದೊಂದಾಗಿ ಮೂಡಿದವು. ಹಸಿರಾಗಿರಬೇಕಾದ ಮರಗಳು ಬೆಳ್ಳಗೆ ಕಂಡವು. ಮಲ್ಲಿಗೆ ಬಿರಿದಿದೆಯೋ ಎನ್ನುವಷ್ಟರಲ್ಲಿ ಆ ಬಿಳುಪು ಅಲುಗಾಡಿತು. ಕೊಂಬೆ ಕೊಂಬೆಗೂ ಬಿಳಿ ಕೆಂಬರಲುಗಳು! ಹಿಮದಂತಹ ಮೈ, ಗರಿಯಿಲ್ಲದ ಕಪ್ಪು ತಲೆ ಮತ್ತು ಕುತ್ತಿಗೆ, ಕುಡುಗೋಲಿನಂತೆ ಕೆಳಗೆ ಬಾಗಿದ ಕೊಕ್ಕು. ಅವುಗಳ ನಡುವೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತಿದ್ದವು. ಹಾವಕ್ಕಿಯೊಂದು ಮೈಯನ್ನೆಲ್ಲ ನೀರಿನೊಳಗಿರಿಸಿ ಕತ್ತು ಮಾತ್ರ ಹೊರಹಾಕಿ ಈಜುತ್ತಿತ್ತು, ಹೆಸರಿಟ್ಟವರು ಬಲ್ಲವರು. ರಾತ್ರಿಯೆಲ್ಲ ಮೀನು ಹಿಡಿದು ಬಂದ ಇರುಳು ಬಕಗಳು ಕುತ್ತಿಗೆ ಹುದುಗಿಸಿ, ರಾತ್ರಿಪಾಳಿ ಮುಗಿಸಿದ ಕಾವಲುಗಾರರಂತೆ ತೂಕಡಿಸುತ್ತಿದ್ದವು. ನೀರಿನ ಎಲೆಗಳ ಮೇಲೆ ಉದ್ದ ಬೆರಳಿನ ದೇವನಕ್ಕಿ ನಡೆದಾಡುತ್ತಿತ್ತು.

ಈ ಕೆಂಬರಲುಗಳು ಮಳೆಗಾಲದಲ್ಲಿ ಕಡ್ಡಿಗಳನ್ನು ಒಟ್ಟಿ ಗೂಡು ಕಟ್ಟುತ್ತವೆ. ಎರಡರಿಂದ ನಾಲ್ಕು ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಮೂರು ವಾರ ದಾಟಿದ ಮೇಲೆ ಮರಿ. ಮರಿಗಳ ಕತ್ತಿನ ಮೇಲೆ ಇನ್ನೂ ಬೂದು ಗರಿಗಳಿರುತ್ತವೆ. ದೊಡ್ಡವಾದಂತೆ ಅದು ಬೋಳಾಗುತ್ತದೆ. ನಮ್ಮ ಎದುರಿನ ಮರದಲ್ಲೇ ಅಂತಹ ಒಂದು ಬೂದು ಕತ್ತಿನ ಮರಿ ಗೂಡಿನ ಅಂಚಿಗೆ ಬಂದು ನಿಂತಿತ್ತು. ರೆಕ್ಕೆ ಬಡಿಯುತ್ತಿತ್ತು, ಕೆಳಗೆ ನೀರು ನೋಡುತ್ತಿತ್ತು, ಮತ್ತೆ ಹಿಂದೆ ಸರಿಯುತ್ತಿತ್ತು. ಕಾಲು ಗಂಟೆ ಇದೇ ನಡೆಯಿತು. ವಾರ್ಷಿಕೋತ್ಸವದಲ್ಲಿ ಮೊದಲ ಸಲ ವೇದಿಕೆ ಹತ್ತಬೇಕಾದ ಮಗುವನ್ನು ಪರದೆಯ ಹಿಂದೆ ನಿಂತು ನೋಡುವ ಮೇಷ್ಟ್ರ ಸ್ಥಿತಿ ನನ್ನದಾಗಿತ್ತು. ಕೊನೆಗೆ ಅದು ಹಾರಿತು! ಹಾರಿತು ಎನ್ನುವುದಕ್ಕಿಂತ ಬಿದ್ದಿತು, ಬೀಳುತ್ತ ಬೀಳುತ್ತ ಹಾರಿತು, ಪಕ್ಕದ ಮರದ ಕೊಂಬೆಯನ್ನು ಹೇಗೋ ಹಿಡಿದು ಓಲಾಡಿ ನಿಂತಿತು. ನಾವಿಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಎಪ್ಪತ್ತು ದಾಟಿದ ಕಣ್ಣಿಗೆ ಇದಕ್ಕಿಂತ ಭಾಗ್ಯ ಬೇಕೇ?

ಸ್ವಲ್ಪ ಹೊತ್ತಿಗೆ ದೊಡ್ಡ ಹಕ್ಕಿಗಳು ತಂಡ ತಂಡವಾಗಿ ಏಳತೊಡಗಿದವು. ಬಾಣದ ಮೊನೆಯಂತೆ ಸಾಲುಗಟ್ಟಿ, ಕೆರೆಯ ಮೇಲೆ ಒಂದು ಸುತ್ತು ಬಂದು ದೂರ ಹೋದವು. ಆಗ ನಾನು ದಡ್ಡನಂತೆ ಕೇಳಿದೆ: "ಇಷ್ಟು ದೊಡ್ಡ ಕೆರೆ ಬಿಟ್ಟು ಎಲ್ಲಿಗೆ ಹೋಗ್ತಾವೋ?"

ಅವನು ತಕ್ಷಣ ಉತ್ತರಿಸಲಿಲ್ಲ. ನಾವು ಗೋಪುರದಿಂದ ಇಳಿದು ಹೊರಗಿನ ದಾರಿಗೆ ಬಂದಾಗ, ತಲೆಗೆ ಟವೆಲು ಸುತ್ತಿಕೊಂಡು ಗದ್ದೆಯ ಕಡೆ ಹೊರಟಿದ್ದ ಹಿರಿಯರೊಬ್ಬರು ಸಿಕ್ಕರು. ಅವರನ್ನೇ ಕೇಳಿದೆ. ಅವರು ನಕ್ಕರು.

"ಅಲ್ಲಿ ಮನಗ್ತಾವೆ, ಉಣ್ಣಾಕೆ ನಮ್ ಗದ್ದಿಗೆ ಬರ್ತಾವೆ ಸ್ವಾಮಿ. ನಾಟಿ ಹೊತ್ತಲ್ಲಿ ನಮ್ ಬೆನ್ನಿಂದೇನೇ ಇರ್ತಾವೆ. ಹುಳ, ಕಪ್ಪೆ, ಶಂಖದ ಹುಳ ಎಲ್ಲಾ ಆರಿಸ್ತಾವೆ. ಈಗ ಗದ್ದೆ ಎಲ್ಲೈತೆ? ಎಲ್ಲಾ ಅಡಿಕೆ ತೋಟ ಆಯ್ತು. ಅದಕ್ಕೇ ದೂರ ದೂರ ಹೋಗ್ತಾವೆ. ಮರಿಗೆ ತಿರುಗಿ ತರೋದು ತಡ ಆಗ್ತೈತೆ."

ಇಷ್ಟು ಹೇಳಿ ಅವರು ಹೊರಟುಹೋದರು. ನನ್ನ ವಿದ್ಯಾರ್ಥಿ ನೆಲ ನೋಡುತ್ತಿದ್ದ.

ಗುಡವಿ ಪಕ್ಷಿಧಾಮವೆಂದು ಘೋಷಣೆಯಾದದ್ದು 1989ರಲ್ಲಿ. ಅದರ ವಿಸ್ತೀರ್ಣ ಸುಮಾರು 74 ಹೆಕ್ಟೇರು, ಎಂದರೆ ಒಂದು ಚದರ ಕಿಲೋಮೀಟರಿಗೂ ಕಡಿಮೆ. 217 ಪ್ರಭೇದದ ಹಕ್ಕಿಗಳು ಅಲ್ಲಿ ದಾಖಲಾಗಿವೆಯೆಂದು ಲೆಕ್ಕ. ಇವನ್ನೆಲ್ಲ ನಾನು ಬಾಯಿಪಾಠ ಮಾಡಿ ಹೇಳಬಲ್ಲೆ. ಆದರೆ ಆ ಹಿರಿಯರು ಒಂದು ನಿಮಿಷದಲ್ಲಿ ಹೇಳಿದ ಸಂಗತಿ ನನಗೆ ಹೊಳೆದಿರಲಿಲ್ಲ. ಸರ್ಕಾರ ಕಾಪಾಡುತ್ತಿರುವುದು ಹಕ್ಕಿಗಳ ಮಲಗುವ ಮನೆಯನ್ನು, ಅಡುಗೆಮನೆ ಹೊರಗಿದೆ. ಅದು ಸುತ್ತಲಿನ ಊರುಗಳ ಕೆರೆ, ಕಾಲುವೆ, ಭತ್ತದ ಗದ್ದೆಗಳಲ್ಲಿ ಹರಡಿಕೊಂಡಿದೆ. ಅದಕ್ಕೆ ಬೇಲಿಯಿಲ್ಲ, ಫಲಕವಿಲ್ಲ, ಕಾವಲುಗಾರನಿಲ್ಲ. ಅಡುಗೆಮನೆ ಮುಚ್ಚಿದ ಮೇಲೆ ಮಲಗುವ ಕೋಣೆಯನ್ನು ಎಷ್ಟು ಭದ್ರ ಮಾಡಿ ಏನು ಪ್ರಯೋಜನ?

ಹಕ್ಕಿಗಳನ್ನು ಉಳಿಸುವ ಪ್ರಯತ್ನಗಳ ಇತಿಹಾಸವನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪ್ ಮತ್ತು ಅಮೆರಿಕದ ಸಿರಿವಂತ ಹೆಂಗಸರ ಟೋಪಿಗಳಿಗೆ ಬೆಳ್ಳಕ್ಕಿಯ ಗರಿ ಬೇಕಾಗಿತ್ತು. ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಅದರ ಬೆನ್ನಿನ ಮೇಲೆ ಮೂಡುವ ನವಿರಾದ ಗರಿ. ಚಿನ್ನದೊಡನೆ ತೂಗುವ ಬೆಲೆ. ಆ ಗರಿಗಾಗಿ ತಾಯಿ ತಂದೆಗಳನ್ನು ಕೊಂದರೆ ಗೂಡಿನಲ್ಲಿ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. 1902ರಲ್ಲಿ ಆಗಿನ ಭಾರತ ಸರ್ಕಾರ, ಕೆಲವು ವಿನಾಯಿತಿಗಳೊಡನೆ, ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಮೈಸೂರು ಸಂಸ್ಥಾನದಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಹೀಗೆ ಕೋವಿ ಮತ್ತು ಕವಣೆಗಳಿಂದ ಹಕ್ಕಿಯನ್ನು ಕಾಪಾಡುವುದನ್ನು ನಾವು ಮೆಲ್ಲಮೆಲ್ಲನೆ ಕಲಿತೆವು. ನೀರನ್ನೂ ಗದ್ದೆಯನ್ನೂ ಕಾಪಾಡುವುದೇ ಹಕ್ಕಿಯನ್ನು ಕಾಪಾಡುವುದು ಎಂಬ ಪಾಠ ಇನ್ನೂ ಬಾಕಿ ಉಳಿದಿದೆ.

ರಂಗನತಿಟ್ಟಿನ ವಿಷಯವನ್ನೇ ನೋಡಿ. ಅಲ್ಲಿಯ ತಿಟ್ಟುಗಳು ಉಂಟಾದದ್ದು ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ. ಒಡ್ಡು ಕಟ್ಟಿಸಿದವರ ಮನಸ್ಸಿನಲ್ಲಿ ಇದ್ದದ್ದು ರೈತರು. ಬಂದು ನೆಲೆಸಿದ್ದು ಹಕ್ಕಿಗಳು. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೇ ಹಳ್ಳಿಗರು ತಮ್ಮ ಕೆರೆಯ ಹಕ್ಕಿಗಳನ್ನು ಯಾರೂ ಕೊಲ್ಲಬಾರದೆಂದು ಕಂಪೆನಿಯ ಕಲೆಕ್ಟರನಿಂದ ಕೌಲು ಪಡೆದಿದ್ದರು. ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗೆ ಗೊಬ್ಬರವೆಂದು ಅವರು ಬಲ್ಲವರಾಗಿದ್ದರು. ಹಕ್ಕಿ, ಕೆರೆ, ಭತ್ತ ಇವು ಮೂರೂ ಒಂದೇ ಲೆಕ್ಕದ ಪುಸ್ತಕದಲ್ಲಿದ್ದವು. ಬೇರೆ ಬೇರೆ ಇಲಾಖೆಗಳಾದದ್ದು ಆಮೇಲೆ!

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಹಿಂದಿರುಗುವಾಗ ಅವನು ಕಾರನ್ನು ತಾಳಗುಂದದ ಕಡೆಗೆ ತಿರುಗಿಸಿದ. "ಮನೆಗೆ ತಡವಾಗುತ್ತದಲ್ಲೋ" ಎಂದೆ. "ಹತ್ತು ನಿಮಿಷ ಸಾರ್" ಎಂದ. ಪ್ರಣವೇಶ್ವರ ದೇವಾಲಯದ ಮುಂದಿನ ಆ ಕಂಬದ ಎದುರು ನನ್ನನ್ನು ನಿಲ್ಲಿಸಿದ.

ಆ ಕಂಬದ ಪರಿಚಯ ನಿಮಗೆಲ್ಲರಿಗೂ ಇದೆ. ಐದನೆಯ ಶತಮಾನದ ಕದಂಬ ಶಾಸನ; ಸಂಸ್ಕೃತ ಕಾವ್ಯ; ಬರೆದ ಕವಿ ಕುಬ್ಜ; ಕೆತ್ತಿಸಿದ ದೊರೆ ಶಾಂತಿವರ್ಮ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ, ಶಿಕಾರಿಪುರದ ಶಾಸನಗಳಿರುವುದು, ಪ್ರಕಟವಾದದ್ದು 1902ರಲ್ಲಿ. ಸೊರಬದ ಶಾಸನಗಳ ಎಂಟನೆಯ ಸಂಪುಟ 1904ರಲ್ಲಿ. (ಹಕ್ಕಿಯ ಗರಿ ಹಡಗು ಹತ್ತಬಾರದೆಂದು ಆಜ್ಞೆಯಾದ ವರ್ಷವೇ ನಮ್ಮ ಊರಿನ ಕಲ್ಲುಗಳಿಗೆ ಮುದ್ರಣದ ರೆಕ್ಕೆ ಬಂತು ಎಂಬುದು ಒಂದು ಸೋಜಿಗ.) ಈ ಕಂಬದ ಆಧಾರದಿಂದ ನಾನು ಮೂವತ್ತನಾಲ್ಕು ವರ್ಷ ಒಂದೇ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಶ್ರೀಪರ್ವತದ ಕಾಡುಗಳಲ್ಲಿ ಹೋರಾಡಿ ರಾಜ್ಯ ಕಟ್ಟಿದ್ದು. ನಾನು ಕತ್ತಿ ಹಿರಿದಂತೆ ಅಳತೆಪಟ್ಟಿಯನ್ನು ಹಿರಿದು ತೋರಿಸುತ್ತಿದ್ದುದನ್ನು ನೀವು ಇಂದಿಗೂ ಸಿಕ್ಕಾಗ ಅಭಿನಯಿಸಿ ನಗುತ್ತೀರಿ.

ಒಂದು ದಿನ ಈ ಪಾಠ ಮುಗಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತಿದ್ದ. "ಸಾರ್, ನಮ್ಮ ಊರಿನ ಕೆರೆ ಯಾರು ತೋಡಿಸಿದ್ದು? ಅದೂ ಆ ಕಲ್ಲಲ್ಲಿ ಇದೆಯಾ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. "ಪರೀಕ್ಷೆಗೆ ಬೇಕಾದ್ದು ಕೇಳಪ್ಪ, ಕೂತ್ಕೋ" ಎಂದೆ. ಅವನು ಕುಳಿತ. ಮತ್ತೆ ಆ ವರ್ಷವೆಲ್ಲ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಆ ಹುಡುಗ ನರೆತ ತಲೆಯೊಡನೆ ಕಂಬದ ಪಕ್ಕ ನಿಂತು ಹೇಳಿದ: "ಆಮೇಲೆ ನಾನೇ ಲೈಬ್ರರಿಯಲ್ಲಿ ಅನುವಾದ ಹುಡುಕಿ ಓದಿದೆ ಸಾರ್. ನಮ್ಮೂರ ಕೆರೆ ಇಲ್ಲಿಲ್ಲ. ಆದ್ರೆ ಕೊನೆಯಲ್ಲಿ ಕೆರೆ ಇದೆ. ಈ ಕಲ್ಲು ನಿಲ್ಲಿಸಿದ್ದೇ ಒಂದು ಕೆರೆಗೆ."

ಅವನು ಹೇಳಿದ್ದು ಸತ್ಯ. ಮಯೂರಶರ್ಮನ ಸಾಹಸ, ಅವನ ನಂತರದ ಅರಸರ ಸಾಲು, ಕಾಕುಸ್ಥವರ್ಮನ ವೈಭವ, ಅವನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟದ್ದು, ಇದೆಲ್ಲವೂ ಆದ ಮೇಲೆ ಕವಿ ಕುಬ್ಜನು ವಿಷಯಕ್ಕೆ ಬರುತ್ತಾನೆ. ಶಾತಕರ್ಣಿ ಮೊದಲಾದವರು ಪೂಜಿಸಿದ ಆ ಶಿವಾಲಯದ ಬಳಿ ಕಾಕುಸ್ಥವರ್ಮನು ನೀರಿನ ಸಮೃದ್ಧಿಗಾಗಿ ದೊಡ್ಡ ಕೆರೆಯೊಂದನ್ನು ಮಾಡಿಸಿದನು. ಅವನ ಮಗನಾದ ಶಾಂತಿವರ್ಮನ ಆಣತಿಯಂತೆ ಕುಬ್ಜನು ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದನು. ನಾನು ಪಾಠ ಮಾಡಿದ ಯುದ್ಧವೆಲ್ಲ ಪೀಠಿಕೆ, ಕೆರೆಯೇ ವಿಷಯ. ನಾನು ಪೀಠಿಕೆಯನ್ನು ಮೂವತ್ತನಾಲ್ಕು ವರ್ಷ ಬೋಧಿಸಿ ವಿಷಯವನ್ನು ಬಿಟ್ಟುಬಿಟ್ಟಿದ್ದೆ. ಅದನ್ನು ನಾನು ಓದಿರಲಿಲ್ಲವೆಂದಲ್ಲ, ಓದಿದ್ದೆ, ಕಂಡಿರಲಿಲ್ಲ. ಆ ಕಂಬದ ಅಕ್ಷರದ ಸಾಲುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ನೆಲದ ಬಳಿಯಿಂದ ಓದಲು ಆರಂಭಿಸಬೇಕೆಂದು ಕಲ್ಲೇ ಹೇಳುತ್ತಿದ್ದರೂ ನಾನು ಮೇಲೆಯೇ ನೋಡುತ್ತಿದ್ದೆನಲ್ಲ!

ಇದು ಈ ಒಂದು ಕಂಬದ ಮಾತಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿ ಬಿಟ್ಟ ದಾಖಲೆಗಳು ಎಷ್ಟೋ ಇವೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ ಎಂಬ ಪದಗಳೇ ಅದಕ್ಕಾಗಿ ಇದ್ದವು. ಹೂಳು ಹೊರಲು ಬಂಡಿಗಳನ್ನು ಇರಿಸಿ, ಅವುಗಳ ಖರ್ಚಿಗೆ ಗದ್ದೆ ಬಿಡುತ್ತಿದ್ದರು. ಇಂಥ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಕೊನೆಯಲ್ಲಿ ಶಾಪ. ಕೆರೆಯೆಂದರೆ ಒಮ್ಮೆ ತೋಡಿ ಮರೆಯುವ ಗುಂಡಿಯಲ್ಲ, ಪ್ರತಿ ವರ್ಷವೂ ಮಾಡಬೇಕಾದ ಕೆಲಸ ಎಂದು ಅವರು ತಿಳಿದಿದ್ದರು. ಹಾಗೆ ತಲೆಮಾರುಗಳ ಕಾಲ ಯಾರು ಯಾರೋ ಹೂಳೆತ್ತಿ, ಏರಿ ಭದ್ರಪಡಿಸಿ, ತೂಬು ಕಾಯ್ದು ಬಂದದ್ದರಿಂದಲೇ ಮಲೆನಾಡಿನ ಈ ಅಂಚಿನಲ್ಲಿ ಗದ್ದೆಗಳು ಹರಡಿದವು. ಆ ಗದ್ದೆಗಳ ಕೆಸರಿನಲ್ಲೇ ಕೆಂಬರಲುಗಳಿಗೆ ಊಟ ಸಿಕ್ಕಿತು. ಅಂದು ಬೆಳಿಗ್ಗೆ ನಾನು ಕಂಡ ಆ ಮರಿಯ ಮೊದಲ ಹಾರಾಟದ ಹಿಂದೆ ಇಷ್ಟೆಲ್ಲ ಜನರ ಬೆನ್ನ ಬೆವರಿತ್ತು. ಅವರಲ್ಲಿ ಹೆಸರು ಕಲ್ಲಿಗೆ ಏರಿದವರು ಕೆಲವೇ ಮಂದಿ.

ಕಂಬದ ಬಳಿ ಕುಳಿತಾಗ ನನ್ನ ವಿದ್ಯಾರ್ಥಿ ತಾನಾಗಿಯೇ ಹೇಳಿದ. "ಆ ಅಜ್ಜ ಹೇಳಿದ ಅಡಿಕೆ ತೋಟದಲ್ಲಿ ನಂದೂ ಒಂದು ಸಾರ್. ಮೂರು ಎಕರೆ ಗದ್ದೆಯಲ್ಲಿ ಒಂದು ಎಕರೆಗೆ ಸಸಿ ಇಟ್ಟೆ. ಭತ್ತದಲ್ಲಿ ಏನು ಉಳಿಯುತ್ತೆ ಹೇಳಿ? ನಾಟಿಗೆ ಆಳು ಸಿಗಲ್ಲ. ಮಗಳ ಕಾಲೇಜಿನ ಫೀಸು ಭತ್ತ ಕಟ್ಟಲ್ಲ."

ನಾನು ಏನು ಹೇಳಲಿ? ತಿಂಗಳ ಮೊದಲ ದಿನ ಪಿಂಚಣಿ ಎಣಿಸುವವನು ರೈತನಿಗೆ ಹಕ್ಕಿಗಾಗಿ ಭತ್ತ ಬೆಳೆ ಎಂದು ಉಪದೇಶ ಮಾಡುವುದು ಸುಲಭ. ಕಾಕುಸ್ಥವರ್ಮನು ರೈತನಿಗೆ ಉಪದೇಶ ಮಾಡಲಿಲ್ಲ, ಕೆರೆ ಮಾಡಿಸಿಕೊಟ್ಟ. ಹಿಂದಿನವರು ಕೆರೆ ಕಾಯುವವನಿಗೆ ಶಾಪವನ್ನಷ್ಟೇ ಅಲ್ಲ, ಕೊಡಗೆ ಭೂಮಿಯನ್ನೂ ಕೊಟ್ಟರು. ಹಕ್ಕಿಗೂ ನಮಗೂ ಅನ್ನವಾಗುವ ಗದ್ದೆಯನ್ನು ಉಳಿಸಿಕೊಂಡವನಿಗೆ ನಾವು ಏನು ಕೊಡುತ್ತಿದ್ದೇವೆ? ಈ ಪ್ರಶ್ನೆಗೆ ಉತ್ತರವಿಲ್ಲದೆ ಅವನನ್ನು ದೂರುವ ಹಕ್ಕು ನನಗಿಲ್ಲವೆಂದು ಸುಮ್ಮನಾದೆ. ಮೇಲೇಳುವಾಗ ಕೇಳಿದೆ: "ಉಳಿದ ಎರಡು ಎಕರೆ?"

ಅವನು ಸ್ವಲ್ಪ ಹೊತ್ತು ಆಕಾಶ ನೋಡಿದ. "ಈ ವರ್ಷ ಭತ್ತವೇ ಇದೆ ಸಾರ್. ಮುಂದಿನ ವರ್ಷ... ನೋಡೋಣ" ಎಂದ.

ನನ್ನನ್ನು ಮನೆಗೆ ಬಿಟ್ಟು ಹೊರಟಾಗ ಅವನ ಕೈ ಹಿಡಿದುಕೊಂಡು, "ಅವತ್ತು ನೀನು ಕೇಳಿದ್ದೇ ಸರಿಯಾದ ಪ್ರಶ್ನೆ ಕಣೋ. ಪರೀಕ್ಷೆಗೆ ಬೇಕಾದದ್ದೂ ಅದೇ ಆಗಿತ್ತು" ಎಂದೆ. ಅವನು, "ಬಿಡಿ ಸಾರ್, ಅದೆಲ್ಲ ಯಾಕೆ ಈಗ" ಎಂದು ನಕ್ಕು, ಕಾಲಿಗೆ ನಮಸ್ಕರಿಸಿ ಕಾರು ಹತ್ತಿದ. ನಲವತ್ತು ವರ್ಷ ತಡವಾದ ಉತ್ತರಕ್ಕೆ ಅಂಕ ಕೊಡುವ ದೊಡ್ಡತನ ವಿದ್ಯಾರ್ಥಿಗಳಿಗೇ ಇರುತ್ತದೆ.

ಇಷ್ಟು ಬರೆದ ಮೇಲೆ ಮನೆಗೆಲಸ ಕೊಡದೆ ಬಿಟ್ಟರೆ ಮೇಷ್ಟ್ರ ಜಾತಿಗೇ ಅವಮಾನವಲ್ಲವೆ? ಆದ್ದರಿಂದ ಬೆಂಗಳೂರಿನಲ್ಲಿರುವವರಿಗೂ, ಸಮುದ್ರದಾಚೆ ಇರುವವರಿಗೂ ಸೇರಿಸಿ ಒಂದೇ ಪ್ರಶ್ನೆ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಅರ್ಧ ಗಂಟೆ ನಿಲ್ಲಿ. ಆ ಕೆರೆಯ ಹೆಸರೇನು, ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತದೆ, ಅದರ ಕೆಳಗೆ ಇನ್ನೂ ಎಷ್ಟು ಗದ್ದೆ ಉಳಿದಿದೆ, ಅಲ್ಲಿ ಯಾವ ಯಾವ ಹಕ್ಕಿ ಬರುತ್ತದೆ, ಕಟ್ಟಿಸಿದವರ ಬಗ್ಗೆ ಹಿರಿಯರು ಏನು ಹೇಳುತ್ತಾರೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ನನಗೆ ಕಳುಹಿಸಿ. ಅಕ್ಷರ ದುಂಡಾಗಿರದಿದ್ದರೂ ಚಿಂತೆಯಿಲ್ಲ. ಹಿಂದಿನ ಬೆಂಚಿನವರ ಉತ್ತರಗಳನ್ನು ಈ ಸಲ ಮೊದಲು ಓದುತ್ತೇನೆ.

ಗುಡವಿಗೆ ಹೋಗುವವರು ಮಳೆ ಚೆನ್ನಾಗಿ ಬಿದ್ದ ವರ್ಷ, ನವರಾತ್ರಿಯ ಆಸುಪಾಸಿನಲ್ಲಿ, ಬೆಳಕು ಹರಿಯುವ ಮೊದಲೇ ಹೋಗಿ. ಬರುವಾಗ ತಾಳಗುಂದದಲ್ಲಿ ಹತ್ತು ನಿಮಿಷ ಇಳಿಯುವುದನ್ನು ಮರೆಯಬೇಡಿ.

ಎಲ್ಲರಿಗೂ ಶುಭವಾಗಲಿ.